ಇಂದಿನ ಧಮ್ಮ ಚಿಂತನೆ: ಉಪೇಕ್ಷೆ



ದಿನಬಳಕೆಯಲ್ಲಿ ಉಪೇಕ್ಷೆ ಎಂದರೆ ಕಡೆಗಣಿಸುವುದು. ಧಮ್ಮದಲ್ಲಿ ಅದು ಮೈತ್ರಿ, ಕರುಣೆ, ಮುದಿತೆಗಳ ನಂತರದ 4ನೇ ಬ್ರಹ್ಮವಿಹಾರ: ಅಂಟಿಕೊಳ್ಳದ ಸಮಚಿತ್ತ. ಈ ಅಂತರ ನನಗೆ ತಿಳಿದದ್ದು ಶಹಾಪುರದ ಬುದ್ಧ ಮಲಗಿದ ಬೆಟ್ಟದ ಕೆಳಗಿನ ನಮ್ಮ ಓಣಿಯ ಬೆಕ್ಕುಗಳಿಂದ.

ಮಂದಿ ಕಂಡರೆ ಓಡುವ ಬೀದಿ ಬೆಕ್ಕನ್ನು ಮನೆಯಲ್ಲಿ ಕೂಡಿಹಾಕಿದರೆ ಅದಕ್ಕೆ ಹಿಂಸೆ. ಪಶುವೈದ್ಯರಲ್ಲಿ ಸಂತಾನಹರಣ ಮಾಡಿಸಿ, ಅದೇ ಓಣಿಗೆ ಬಿಟ್ಟು, ದಿನಾ ಅನ್ನ, ನೀರು ಇಟ್ಟರೆ ಸಾಕು. ಅದು ಮಡಿಲಿಗೆ ಬರಲೆಂದು ಬಯಸದಿರುವುದೇ ಧಮ್ಮದ ಉಪೇಕ್ಷೆ.

ಮನೆಯಲ್ಲಿ ಬೆಳೆದ ಮುದಿ ಬೆಕ್ಕಿನ ಮಾತು ಬೇರೆ. ಮನೆಯವರು ಗುಳೆ ಹೋದರೆ ಅದು ಬೀಗ ಹಾಕಿದ ಬಾಗಿಲ ಮುಂದೆ ಕೂರುತ್ತದೆ. ಹಲ್ಲು ಸವೆದ ಮೇಲೆ ಇಲಿ ಹಿಡಿದು ಬದುಕುವುದು ಕಷ್ಟ. ಅದಕ್ಕೆ ಇನ್ನೊಂದು ಮನೆ ಬೇಕು. ಆಗ 'ಹೇಗೋ ಬದುಕುತ್ತದೆ ಬಿಡು' ಎನ್ನುವುದು ಬರೀ ಕಡೆಗಣನೆ.

ಇಂದಿನ ಅಭ್ಯಾಸ: ಗುಳೆ ಹೊರಟ ನೆರೆಯವರಿಗೆ, 'ಬೆಕ್ಕು ನಮ್ಮನೆಯಲ್ಲಿರಲಿ' ಎನ್ನೋಣ.

ಸಾಧು, ಸಾಧು, ಸಾಧು.