ಹದಿನಾರರ ವೇಗ ಯಾರ ಸಾಲವೂ ಅಲ್ಲ

ಪುಟ್ಟೀ,

ನಿಮ್ಮ ಶಾಲೆಯ ಕ್ರಾಸ್‌ಕಂಟ್ರಿ ತಂಡದಲ್ಲಿ ನೀನೇ ಮುಂದೆ, ಕಾಲೇಜು ಕೋಚ್‌ಗಳಿಂದ ಮೇಲ್‌ಗಳು ಬರತೊಡಗಿವೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ಬಹಳ ಸಂತೋಷವಾಯಿತು. ಅದೇ ಉಸಿರಿನಲ್ಲಿ ಅವಳು ಇನ್ನೊಂದು ಮಾತೂ ಹೇಳಿದಳು. ಹೋದ ವರ್ಷ ಓಡಿದ ವೇಗ ಈ ವರ್ಷ ಬರುತ್ತಿಲ್ಲವೆಂದು ನೀನು ರಾತ್ರಿ ಊಟ ಕಡಿಮೆ ಮಾಡಿದ್ದೀಯಂತೆ. ನಾನು ಬರೆಯಲು ಕೂತದ್ದು ಆ ಎರಡನೇ ಮಾತಿಗಾಗಿ.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಅನ್ನ ಬಿಟ್ಟು ಓಡಿದ ಹುಡುಗಿಯರನ್ನು ನೋಡಿದ್ದೇನೆ. ಆದರೆ ನಮ್ಮೂರ ಮೈದಾನದ ಕತೆ ಹೇಳಿದರೆ ‘ಅಜ್ಜೀ, ಅಲ್ಲಿಯದು ಬೇರೆ, ಇಲ್ಲಿಯದು ಬೇರೆ’ ಅನ್ನುತ್ತೀಯ. ಆಗಲಿ, ನೀನು ಹುಟ್ಟಿ ಬೆಳೆದ ದೇಶದ್ದನ್ನೇ ಹೇಳುತ್ತೇನೆ. ಅಲ್ಲಿ ಶಾಲೆಯಲ್ಲಿದ್ದಾಗಲೇ ಹೆಸರು ಮಾಡಿದ ಓಟಗಾರರು ಮುಂದೆ ಏನಾದರು ಎಂಬುದನ್ನು ನಾನು ಮೊದಲಿನಿಂದಲೂ ಗಮನಿಸುತ್ತ ಬಂದಿದ್ದೇನೆ.

2000ದ ಡಿಸೆಂಬರಿನಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಹೈಸ್ಕೂಲು ಮಕ್ಕಳ ರಾಷ್ಟ್ರೀಯ ಕ್ರಾಸ್‌ಕಂಟ್ರಿ ಫೈನಲ್ ನಡೆಯಿತು. ಫುಟ್‌ಲಾಕರ್ ಚಾಂಪಿಯನ್‌ಶಿಪ್ ಎಂದು ಅದರ ಹೆಸರು, ದೂರ 5 ಕಿಲೋಮೀಟರ್. ಹುಡುಗರಲ್ಲಿ ಮಿಷಿಗನ್ನಿನ ಡೇಥನ್ ರಿಟ್ಜನ್‌ಹೈನ್ ಗೆದ್ದ. ನಿನ್ನದೇ ವರ್ಜೀನಿಯಾದ, ರೆಸ್ಟನ್ ಊರಿನ ಅಲನ್ ವೆಬ್ ಎರಡನೆಯವನಾದ. ಕ್ಯಾಲಿಫೋರ್ನಿಯಾದ ಬೆಟ್ಟದೂರು ಬಿಗ್ ಬೇರ್‌ನ ರಯಾನ್ ಹಾಲ್ ಮೂರನೆಯವನು. ಹುಡುಗಿಯರಲ್ಲಿ ಗೆದ್ದವಳೂ ಕ್ಯಾಲಿಫೋರ್ನಿಯಾದವಳೇ, ಸಾರಾ ಬೇ. ಮುಂದೆ ರಯಾನ್‌ನನ್ನೇ ಮದುವೆಯಾಗಿ ಸಾರಾ ಹಾಲ್ ಆದಳು. ಒಂದೇ ದಿನ ಒಂದೇ ಹುಲ್ಲುಹಾಸಿನ ಮೇಲೆ ಓಡಿದ ಈ ನಾಲ್ವರ ಬದುಕು ನಾಲ್ಕು ದಿಕ್ಕಿಗೆ ಹೋಯಿತು. ಅದನ್ನು ನೀನು ಸ್ವಲ್ಪ ನಿಧಾನವಾಗಿ ಓದಬೇಕು.

ವೆಬ್ ಮರುವರ್ಷ ಮೇ ತಿಂಗಳಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಯೂಜೀನ್‌ನಲ್ಲಿ ದೊಡ್ಡವರ ಜೊತೆ ಒಂದು ಮೈಲಿಯನ್ನು 3 ನಿಮಿಷ 53.43 ಸೆಕೆಂಡಿನಲ್ಲಿ ಓಡಿದ. ಜಿಮ್ ರಯಾನ್ ಎಂಬ ಹುಡುಗ 1965ರಲ್ಲಿ ಮಾಡಿದ್ದ ಶಾಲಾ ದಾಖಲೆ 36 ವರ್ಷ ಯಾರ ಕೈಗೂ ಸಿಕ್ಕಿರಲಿಲ್ಲ, ಅದು ಅಂದು ಮುರಿಯಿತು. ಆ ದಿನದಿಂದ ವೆಬ್ ಎಷ್ಟು ವೇಗವಾಗಿ ಓಡಿದರೂ ಜನಕ್ಕೆ ಸಾಲಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮೊದಲ ಸುತ್ತು ದಾಟಲಿಲ್ಲ. 2008ರಲ್ಲಿ ತಂಡಕ್ಕೇ ಆಯ್ಕೆಯಾಗಲಿಲ್ಲ. ಕೋಚ್ ಬದಲಾದರು, ಊರು ಬದಲಾಯಿತು. 2014ರಲ್ಲಿ ಟ್ರ್ಯಾಕ್ ಬಿಟ್ಟು ಟ್ರಯಾಥ್ಲಾನ್‌ಗೆ ಹೋದ, ಆಮೇಲೆ ಕಾಲೇಜು ಹುಡುಗರಿಗೆ ಓಟ ಹೇಳಿಕೊಡಲು ನಿಂತ. ‘ಅಷ್ಟು ಭರವಸೆ ಹುಟ್ಟಿಸಿದವನು ಕೊನೆಗೆ ಏನೂ ಆಗಲಿಲ್ಲ’ ಎಂದು ಅವನ ಬಗ್ಗೆ ಹೇಳುವವರು ಈಗಲೂ ಇದ್ದಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. 2007ರ ಜುಲೈನಲ್ಲಿ ಬೆಲ್ಜಿಯಮ್ಮಿನ ಒಂದು ಸಣ್ಣ ಊರಲ್ಲಿ ಅವನು ಮೈಲಿಯನ್ನು 3 ನಿಮಿಷ 46.91 ಸೆಕೆಂಡಿನಲ್ಲಿ ಓಡಿದ. ಅದು ಅಮೆರಿಕದ ರಾಷ್ಟ್ರೀಯ ದಾಖಲೆಯಾಗಿ 16 ವರ್ಷ ಉಳಿಯಿತು. ಅಷ್ಟು ದೊಡ್ಡ ದೇಶದಲ್ಲಿ ಅಷ್ಟು ವರ್ಷ ಯಾರಿಗೂ ನಿಲುಕದ್ದನ್ನು ಮಾಡಿದವನನ್ನು ಸೋತವನು ಅನ್ನುವುದು ಅನ್ಯಾಯ. ಹದಿನೆಂಟರ ಹುಡುಗ ಓಡಿದ್ದನ್ನು ಜನ ತಾವು ಕೊಟ್ಟ ಸಾಲ ಎಂದುಕೊಂಡರು, ಪ್ರತಿವರ್ಷ ಬಡ್ಡಿ ಕೇಳಿದರು. ಅವನು ಯಾರಿಂದಲೂ ಏನನ್ನೂ ಪಡೆದಿರಲಿಲ್ಲ, ಓಡಿದ್ದ ಅಷ್ಟೇ.

ರಿಟ್ಜನ್‌ಹೈನ್ ಪಾಡು ಬೇರೆ. ಅವನ ಕಾಲಿನ ಮೂಳೆಗಳು ಮತ್ತೆ ಮತ್ತೆ ಬಿರುಕು ಬಿಡುತ್ತಿದ್ದವು. ನೀವು ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತೀರಲ್ಲ, ಅದು. ಅಥೆನ್ಸ್‌ನಲ್ಲಿ 10,000 ಮೀಟರ್ ಓಟ ಪೂರೈಸಲಾಗಲಿಲ್ಲ. 2008ರ ಬೀಜಿಂಗ್ ಮ್ಯಾರಥಾನ್‌ನಲ್ಲಿ ಅವನು ಒಂಬತ್ತನೆಯವನು, ಅವನ ಹಿಂದೆಯೇ ಹತ್ತನೆಯವನಾಗಿ ಬಂದವನು ಅದೇ ರಯಾನ್ ಹಾಲ್. ಮರುವರ್ಷ 5,000 ಮೀಟರಿನಲ್ಲಿ 12 ನಿಮಿಷ 56.27 ಸೆಕೆಂಡು ಓಡಿ ರಾಷ್ಟ್ರೀಯ ದಾಖಲೆ ಮಾಡಿದ. 2020ರಲ್ಲಿ ಓಟದಿಂದ ನಿವೃತ್ತನಾಗಿ ಕೊಲೊರಾಡೊದ ಬೋಲ್ಡರ್‌ನಲ್ಲಿ ಕೋಚ್ ಆದ. ಅವನ ಕೈಕೆಳಗೆ ಪಳಗಿದ ಯಾರೆಡ್ ನುಗುಸೆ ಎಂಬ ಹುಡುಗ 2023ರ ಸೆಪ್ಟೆಂಬರಿನಲ್ಲಿ ಮೈಲಿಯನ್ನು 3 ನಿಮಿಷ 43.97 ಸೆಕೆಂಡಿನಲ್ಲಿ ಓಡಿದ. ಅಂದು ಮುರಿದದ್ದು ವೆಬ್‌ನ ದಾಖಲೆ! ಶಾಲೆಯಲ್ಲಿ ವೆಬ್‌ನನ್ನು ಹಿಂದೆ ಹಾಕಿದವನು ಇಪ್ಪತ್ತಮೂರು ವರ್ಷದ ಮೇಲೆ ಶಿಷ್ಯನ ಕಾಲಿನಿಂದ ಇನ್ನೊಮ್ಮೆ ಹಿಂದೆ ಹಾಕಿದ. ಮೂಳೆ ಮುರಿದು ಮಲಗಿದ್ದ ದಿನಗಳು ಅವನಿಗೆ ಕಲಿಸಿದ್ದು ಈಗ ಇನ್ನೊಬ್ಬರ ಮೂಳೆ ಕಾಯುತ್ತಿದೆ ಎಂದೇ ನಾನು ನಂಬಿದ್ದೇನೆ.

ರಯಾನ್ ಹಾಲ್ 2007ರಲ್ಲಿ ಹ್ಯೂಸ್ಟನ್‌ನಲ್ಲಿ ಹಾಫ್ ಮ್ಯಾರಥಾನನ್ನು 59 ನಿಮಿಷ 43 ಸೆಕೆಂಡಿಗೆ ಮುಗಿಸಿ, ಒಂದು ಗಂಟೆಯೊಳಗೆ ಓಡಿದ ಮೊದಲ ಅಮೆರಿಕನ್ ಆದ. 2011ರಲ್ಲಿ ಬಾಸ್ಟನ್ ಮ್ಯಾರಥಾನ್ 2 ಗಂಟೆ 4 ನಿಮಿಷ 58 ಸೆಕೆಂಡು. ಆಮೇಲೆ ದೇಹ ಕೈಕೊಟ್ಟಿತು. ಎದ್ದರೆ ಸುಸ್ತು, ಕೂತರೆ ಸುಸ್ತು, ಟೆಸ್ಟೊಸ್ಟೆರೋನ್ ತೀರಾ ಕೆಳಗಿಳಿದಿತ್ತು. 2016ರ ಜನವರಿಯಲ್ಲಿ, 33ನೇ ವಯಸ್ಸಿಗೆ, ಬಿಟ್ಟೇಬಿಟ್ಟ. ಬಿಟ್ಟ ಮೇಲೆ ಭಾರ ಎತ್ತಿ ಮೈ ಕಟ್ಟಿಕೊಂಡ, ಹೆಂಡತಿಗೆ ಕೋಚ್ ಆದ.

ಈಗ ಆ ಹೆಂಡತಿಯ ವಿಷಯಕ್ಕೆ ಬಾ. ನಿನಗೆ ಮುಖ್ಯವಾಗಿ ಹೇಳಬೇಕಾದ್ದು ಅವಳದೇ. ಒರ್ಲಾಂಡೊದಲ್ಲಿ ಗೆದ್ದ ಸಾರಾ ಒಲಿಂಪಿಕ್ಸ್ ತಂಡಕ್ಕೆ ಆಯ್ಕೆಯಾಗಲೇ ಇಲ್ಲ. ಆಯ್ಕೆ ಸ್ಪರ್ಧೆಗಳಲ್ಲಿ ಓಡಿದಳು, ಸೋತಳು, ಮತ್ತೆ ಓಡಿದಳು. 2015ರಲ್ಲಿ ಗಂಡ ಹೆಂಡತಿ ಸೇರಿ ಇಥಿಯೋಪಿಯಾದ ನಾಲ್ವರು ಅಕ್ಕತಂಗಿಯರನ್ನು ದತ್ತು ತೆಗೆದುಕೊಂಡರು. ಮನೆ ತುಂಬ ಮಕ್ಕಳು, ವಯಸ್ಸು ಮೂವತ್ತು ದಾಟಿದೆ, ಇನ್ನೇನು ಓಟ ಎಂದು ಯಾರಾದರೂ ಅಂದುಕೊಂಡಾರು. ಅವಳು 37ನೇ ವಯಸ್ಸಿನಲ್ಲಿ ಮ್ಯಾರಥಾನನ್ನು 2 ಗಂಟೆ 20 ನಿಮಿಷ 32 ಸೆಕೆಂಡಿಗೆ ಓಡಿದಳು. 2022ರ ಜನವರಿಯಲ್ಲಿ, 38ನೇ ವಯಸ್ಸಿನಲ್ಲಿ, ಹಾಫ್ ಮ್ಯಾರಥಾನ್‌ನಲ್ಲಿ 1 ಗಂಟೆ 7 ನಿಮಿಷ 15 ಸೆಕೆಂಡಿನ ರಾಷ್ಟ್ರೀಯ ದಾಖಲೆ ಮಾಡಿದಳು. ಶಾಲೆಯ ಗೆಲುವಿಗೂ ಆ ದಾಖಲೆಗೂ ನಡುವೆ ಇಪ್ಪತ್ತೊಂದು ವರ್ಷ. ನಿನ್ನ ವಯಸ್ಸಿಗಿಂತ ಹೆಚ್ಚು!

ಇಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇರುವ ವ್ಯತ್ಯಾಸವನ್ನು ನೀನು ತಿಳಿದಿರಬೇಕು. ಹರೆಯ ಬಂದಾಗ ಹುಡುಗನ ಮೈಯಲ್ಲಿ ಸ್ನಾಯು ಕೂಡುತ್ತದೆ, ಅವನ ವೇಗ ತಾನಾಗಿಯೇ ಏರುತ್ತದೆ. ಹುಡುಗಿಯ ಸೊಂಟ ಅಗಲವಾಗುತ್ತದೆ, ತೂಕ ಬರುತ್ತದೆ, ಓಟದ ಸಮಯ ಒಂದೆರಡು ವರ್ಷ ನಿಂತಲ್ಲೇ ನಿಲ್ಲಬಹುದು, ಹಿಂದಕ್ಕೂ ಹೋಗಬಹುದು. ಇದು ರೋಗವೂ ಅಲ್ಲ, ಸೋಮಾರಿತನವೂ ಅಲ್ಲ. ಅನ್ನ ತಿಂದು, ನಿದ್ದೆ ಮಾಡಿ, ತಾಳ್ಮೆಯಿಂದ ಅಭ್ಯಾಸ ಬಿಡದೆ ಹೋದವರಿಗೆ ಇಪ್ಪತ್ತು ದಾಟಿದ ಮೇಲೆ ಹೊಸ ಬಲ ಬರುತ್ತದೆ. ಆ ಒಂದೆರಡು ವರ್ಷ ಸಹಿಸಲಾರದೆ ತಟ್ಟೆಯನ್ನು ದೂರ ತಳ್ಳಿದವರೇ ಮುರಿದುಹೋಗುತ್ತಾರೆ.

ಮೇರಿ ಕೇನ್ ಹೆಸರು ನೀನು ಕೇಳಿರುತ್ತೀಯ. ನ್ಯೂಯಾರ್ಕಿನ ಬ್ರಾಂಕ್ಸ್‌ವಿಲ್‌ನ ಹುಡುಗಿ. 2013ರಲ್ಲಿ, ಹದಿನೇಳರ ವಯಸ್ಸಿಗೆ, ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ನ 1,500 ಮೀಟರ್ ಫೈನಲ್ ಓಡಿದಳು. ಶಾಲೆ ಮುಗಿಸಿ ನೈಕಿಯ ಓರೆಗಾನ್ ತಂಡಕ್ಕೆ ಹೋದಳು. ಕೆಲವೇ ವರ್ಷಗಳಲ್ಲಿ ಅವಳ ಹೆಸರು ಫಲಿತಾಂಶ ಪಟ್ಟಿಗಳಿಂದ ಮಾಯವಾಯಿತು. ಯಾಕೆಂದು 2019ರಲ್ಲಿ ಅವಳೇ ನ್ಯೂಯಾರ್ಕ್ ಟೈಮ್ಸ್ ಮೂಲಕ ಹೇಳಿದಳು: ತೂಕ ಇಳಿಸು ಇಳಿಸು ಎಂದು ಎಲ್ಲರೆದುರು ತೂಗುತ್ತಿದ್ದರು, ಮೂರು ವರ್ಷ ಮುಟ್ಟೇ ಆಗಲಿಲ್ಲ, ಐದು ಮೂಳೆ ಮುರಿದವು. 2021ರಲ್ಲಿ ಮೊಕದ್ದಮೆ ಹೂಡಿದಳು, 2023ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಈಚೆಗೆ ವೈದ್ಯಕೀಯ ಓದಿಗೆ ಸೇರಿದ್ದಾಳೆ ಎಂದು ತಿಳಿದಾಗ ನನಗೆ ನನ್ನ ಶಾಲೆಯ ಹುಡುಗಿಯೇ ಡಾಕ್ಟರಾದಷ್ಟು ಸಮಾಧಾನವಾಯಿತು.

ಓಡುವಷ್ಟು ಅನ್ನ ಒಳಗೆ ಹೋಗದಿದ್ದರೆ ದೇಹ ಮೊದಲು ಮುಟ್ಟು ನಿಲ್ಲಿಸುತ್ತದೆ, ಆಮೇಲೆ ಮೂಳೆಯನ್ನು ಸವೆಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟರು. ನಮ್ಮ ಕಾಲದಲ್ಲಿ ಹೆಸರಿರಲಿಲ್ಲ, ಸಂಕಟ ಇತ್ತು. ಮುಟ್ಟು ನಿಂತರೆ ಪೀಡೆ ಕಳೆಯಿತು, ಕ್ರೀಡಾಕೂಟಕ್ಕೆ ಅನುಕೂಲವಾಯಿತು ಎಂದು ಖುಷಿಪಟ್ಟ ಹುಡುಗಿಯರಿದ್ದರು. ನೀನು ಹಾಗೆ ತಿಳಿಯಬೇಡ. ಮೂರು ತಿಂಗಳು ಬಾರದಿದ್ದರೆ ಅಮ್ಮನಿಗೆ ಹೇಳಿ ಡಾಕ್ಟರ ಹತ್ತಿರ ಹೋಗಬೇಕು. ಇದನ್ನು ಹೇಳಲು ನಾಚಿಕೆ ಪಡಬೇಕಾದ್ದಿಲ್ಲ.

ಶಾಲೆಯಲ್ಲಿ ಗೆದ್ದವರೆಲ್ಲ ಹೀಗೇ ನಲುಗುತ್ತಾರೆ ಎಂದು ಹೆದರಿಸುತ್ತಿಲ್ಲ. ಗ್ರಾಂಟ್ ಫಿಶರ್ 2013, 2014ರಲ್ಲಿ ಅದೇ ಫುಟ್‌ಲಾಕರ್ ಗೆದ್ದ, ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ, ಹತ್ತು ವರ್ಷದ ನಂತರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎರಡು ಕಂಚು ತಂದ. ಅಂಥವರೂ ಇದ್ದಾರೆ. ಆದರೆ ಪದಕ ತಂದವನ ಬದುಕು ಮಾತ್ರ ಸಾರ್ಥಕ, ಉಳಿದವರದು ವ್ಯರ್ಥ ಎಂದು ಲೆಕ್ಕ ಹಾಕುವುದನ್ನು ನಾನು ಒಪ್ಪಲಾರೆ. ವೆಬ್ ಯಾರ ಶಾಲಾ ದಾಖಲೆ ಮುರಿದನೋ ಆ ಜಿಮ್ ರಯಾನ್‌ನನ್ನೇ ನೋಡು. ಕಾನ್ಸಾಸಿನ ವಿಚಿಟಾ ಊರಿನ, ಕಿವಿ ಅರ್ಧ ಮಾತ್ರ ಕೇಳಿಸುತ್ತಿದ್ದ ಹುಡುಗ. 1964ರಲ್ಲಿ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲ ಹೈಸ್ಕೂಲು ವಿದ್ಯಾರ್ಥಿ. ಹತ್ತೊಂಬತ್ತಕ್ಕೆ ವಿಶ್ವದಾಖಲೆ. 1968ರಲ್ಲಿ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಮೆಕ್ಸಿಕೊ ನಗರದಲ್ಲಿ ಕೆನ್ಯಾದ ಕಿಪ್ ಕೇನೊ ಮುಂದೆ ಹೋದ, ಇವನಿಗೆ ಬೆಳ್ಳಿ. ಆ ತೆಳು ಗಾಳಿಯಲ್ಲಿ ಪಡೆದ ಬೆಳ್ಳಿಯನ್ನು ಸೋಲು ಎಂದೇ ಬರೆದವರಿದ್ದರು. 1969ರಲ್ಲಿ ಒಂದು ಓಟದ ನಡುವೆಯೇ ಟ್ರ್ಯಾಕ್‌ನಿಂದ ಹೊರಗೆ ನಡೆದುಬಿಟ್ಟ. ಮತ್ತೆ ಬಂದ, 1972ರ ಮ್ಯೂನಿಕ್‌ನಲ್ಲಿ ಬಿದ್ದ. ಮುಂದೆ ಹತ್ತು ವರ್ಷ ಅಮೆರಿಕದ ಸಂಸತ್ತಿನಲ್ಲಿ ಕಾನ್ಸಾಸಿನ ಪ್ರತಿನಿಧಿಯಾಗಿದ್ದ. ಅವನ ಹಾಗೆಯೇ 1967ರಲ್ಲಿ ಶಾಲೆಯಲ್ಲಿದ್ದಾಗಲೇ ನಾಲ್ಕು ನಿಮಿಷದ ಗಡಿ ದಾಟಿದ ನ್ಯೂಜೆರ್ಸಿಯ ಮಾರ್ಟಿ ಲಿಕೋರಿ ಟಿವಿಯಲ್ಲಿ ಓಟದ ವೀಕ್ಷಕ ವಿವರಣೆ ಕೊಟ್ಟ, ಜಾಝ್ ಗಿಟಾರ್ ನುಡಿಸಿದ.

ನನ್ನ ಶಾಲೆಯಿಂದ ರಾಜ್ಯಮಟ್ಟಕ್ಕೆ ಹೋದ ಹುಡುಗಿಯರಲ್ಲಿ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ ಸಿಕ್ಕವಳಿದ್ದಾಳೆ, ಅವಳ ಸಂಬಳದಲ್ಲಿ ಇಬ್ಬರು ತಮ್ಮಂದಿರು ಓದಿದರು. ಎಲ್ಲರಿಗಿಂತ ವೇಗವಾಗಿದ್ದವಳಿಗೆ ಪಿಯುಸಿ ಮುಗಿಯುವ ಮೊದಲೇ ಮದುವೆ ಮಾಡಿದರು, ಅವಳು ಮತ್ತೆ ಓಡಲಿಲ್ಲ. ಅವಳಿಗೆ ಆಯ್ಕೆ ಮಾಡಿಕೊಳ್ಳುವ ಅವಕಾಶವನ್ನೇ ಯಾರೂ ಕೊಡಲಿಲ್ಲ. ನಿನಗೆ ಅದಿದೆ, ಆದ್ದರಿಂದ ಸರಿಯಾಗಿ ಬಳಸಿಕೋ ಎನ್ನುತ್ತಿದ್ದೇನೆ.

ಕಾಲೇಜು ಆರಿಸುವಾಗ ಸ್ಕಾಲರ್‌ಶಿಪ್ ಎಷ್ಟು ಎಂದು ಅಪ್ಪ ಕೇಳಲಿ, ಅದು ಅವನ ಕೆಲಸ. ನೀನು ಕೋಚ್‌ಗೆ ಬೇರೆ ಪ್ರಶ್ನೆ ಕೇಳು. ನಾಲ್ಕು ವರ್ಷದ ಹಿಂದೆ ಸೇರಿದ ಹುಡುಗಿಯರಲ್ಲಿ ಎಷ್ಟು ಜನ ಇನ್ನೂ ಓಡುತ್ತಿದ್ದಾರೆ? ಎಷ್ಟು ಜನಕ್ಕೆ ಮೂಳೆ ಬಿರುಕು ಬಿಟ್ಟಿತು? ತೂಕ ಯಾರು ನೋಡುತ್ತಾರೆ, ಯಾಕೆ? ಗಾಯವಾಗಿ ಓಡಲಾಗದಿದ್ದರೆ ಹಣ ನಿಲ್ಲುತ್ತದೆಯೇ? ಉತ್ತರ ಕೊಡದೆ ಮಾತು ಹಾರಿಸುವ ಕೋಚ್ ಎಷ್ಟೇ ಹೆಸರುವಾಸಿಯಾದರೂ ಬೇಡ. ಓಟ ನಾಳೆಯೇ ನಿಂತುಹೋದರೂ ನೀನು ಸಂತೋಷದಿಂದ ಓದಬಹುದಾದ ವಿಷಯ ಆ ಕಾಲೇಜಿನಲ್ಲಿದೆಯೇ ಎಂದೂ ನೋಡಿಕೋ.

ಇವತ್ತಿನಿಂದ ರಾತ್ರಿ ಊಟ ಬಿಡಬೇಡ. ಕಾಲೇಜು ನೋಡಲು ಹೋದಾಗ, ಕೋಚ್ ಪಕ್ಕದಲ್ಲಿಲ್ಲದ ಹೊತ್ತು ನೋಡಿ, ಅಲ್ಲಿನ ಕೊನೆಯ ವರ್ಷದ ಹುಡುಗಿಯರ ಜೊತೆ ಕೂತು ಮಾತಾಡು. ಅವರು ಹೇಳಿದ್ದನ್ನು ಕೇಳಿಕೊಂಡು ಬಂದ ಮೇಲೆಯೇ ಸಹಿ ಹಾಕು.

ನಿನ್ನ ಅಜ್ಜಿ