ಔಷಧದ ಚೀಟಿ ಒಂದು, ಅಂಗಡಿ ನಾಲ್ಕು



ತೊಗರಿ ಬೀಜಕ್ಕೆ, ಕೀಟನಾಶಕಕ್ಕೆ ನಾವು ನಾಲ್ಕು ಅಂಗಡಿ ತಿರುಗಿ ದರ ಕೇಳುತ್ತೇವೆ. ಆದರೆ ಡಾಕ್ಟರರ ಚೀಟಿ ಕೈಗೆ ಬಂದೊಡನೆ ಪಕ್ಕದ ಮೆಡಿಕಲ್‌ಗೆ ಹೋಗಿ, ಹೇಳಿದಷ್ಟು ಕೊಟ್ಟು ಬರುತ್ತೇವೆ.

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಗೆ ಮನೆಭೇಟಿಗೆ ಹೋದಾಗ, ಒಬ್ಬ ಅಜ್ಜಿ ರಕ್ತದೊತ್ತಡದ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. "ದಿನಾ ತಗೊಂಡರ ತಿಂಗಳ ಪೂರ್ತಿ ಸಾಲಂಗಿಲ್ಲರಿ ಫಾದರ್" ಎಂದರು. ಇದು ಉಳಿತಾಯವಲ್ಲ. ಒತ್ತಡ ಏರಿ ಲಕ್ವ ಹೊಡೆದರೆ ಇಡೀ ಮನೆಯೇ ಕುಸಿಯುತ್ತದೆ. ಕಡಿಮೆ ಮಾಡಬೇಕಾದದ್ದು ಗುಳಿಗೆಯನ್ನಲ್ಲ, ಅದರ ಖರ್ಚನ್ನು.

ಹೆಸರು ಎರಡು, ಔಷಧ ಒಂದು

ಪ್ರತಿ ಔಷಧಕ್ಕೂ ಒಂದು ಮೂಲ ಹೆಸರಿದೆ. ರಕ್ತದೊತ್ತಡಕ್ಕೆ ಕೊಡುವ ಅಮ್ಲೊಡಿಪಿನ್, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಇಂಥವು. ಕಂಪನಿಗಳು ಅದಕ್ಕೇ ಬೇರೆ ಬೇರೆ ವ್ಯಾಪಾರಿ ಹೆಸರಿಟ್ಟು ಬೇರೆ ಬೇರೆ ಬೆಲೆಗೆ ಮಾರುತ್ತವೆ. ಮೂಲ ಹೆಸರಿನಲ್ಲಿ ಮಾರುವ ಔಷಧವನ್ನು ಜೆನೆರಿಕ್ ಎನ್ನುತ್ತಾರೆ. ಸರ್ಕಾರದ ಜನೌಷಧಿ ಯೋಜನೆ 2008ರಲ್ಲಿ ಆರಂಭವಾಯಿತು. ಆ ಅಂಗಡಿಗಳಲ್ಲಿ ಇಂಥ ಔಷಧಗಳು ಬಹಳ ಅಗ್ಗ. ಹಲವು ಗುಳಿಗೆಗಳು ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ.

ಮಾಡಬೇಕಾದದ್ದು

1. ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ ಬರೆದುಕೊಡುವಂತೆ ಡಾಕ್ಟರರನ್ನು ಕೇಳಿರಿ. ಕೇಳಲು ನಾಚಿಕೆ ಬೇಡ.

2. ದರ ಕೇಳುವಾಗ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಪಟ್ಟಿಯಲ್ಲಿ ಎಷ್ಟು ಗುಳಿಗೆ ಎಂಬ ಮೂರನ್ನೂ ನೋಡಿರಿ. 10 ಗುಳಿಗೆಯ ಪಟ್ಟಿಗೆ 60 ರೂಪಾಯಿ, 15ರ ಪಟ್ಟಿಗೆ 75 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲನೆಯದು ಅಗ್ಗವೆಂದು ಕಾಣುತ್ತದೆ. ಆದರೆ ಅಲ್ಲಿ ಗುಳಿಗೆಗೆ 6 ರೂಪಾಯಿ, ಇಲ್ಲಿ 5.

3. ಪಟ್ಟಿಯ ಮೇಲೆ ಅಚ್ಚಾದದ್ದು ಗರಿಷ್ಠ ಬೆಲೆ, ತೆರಿಗೆಯೂ ಅದರಲ್ಲೇ ಸೇರಿದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಿಮೆಗೆ ಮಾರಬಹುದು. ಆದ್ದರಿಂದ "ಎಷ್ಟು ಬಿಡುತ್ತೀರಿ?" ಎಂದು ಕೇಳಿರಿ, ಬಿಲ್ಲನ್ನೂ ಪಡೆಯಿರಿ.

4. ಸೋಲಾಪುರದಲ್ಲಿ ಅಗ್ಗವೆಂದು ಓಡುವ ಮೊದಲು ಬಸ್ಸಿನ ಟಿಕೀಟು, ಒಂದು ದಿನದ ಕೂಲಿ ಎರಡನ್ನೂ ಲೆಕ್ಕ ಹಾಕಿರಿ. 20 ರೂಪಾಯಿ ಉಳಿಸಲು 100 ಕಳೆಯಬಾರದು. ಸಂತೆಗೋ ಬೇರೆ ಕೆಲಸಕ್ಕೋ ಹೋದಾಗ ಒಂದು ತಿಂಗಳದ್ದು ಒಟ್ಟಿಗೆ ತನ್ನಿರಿ. ನೆರೆಮನೆಯವರ ಚೀಟಿಯನ್ನೂ ಒಯ್ದರೆ ಇನ್ನೂ ಒಳ್ಳೆಯದು.

5. ಕೊಳ್ಳುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಮಹಾರಾಷ್ಟ್ರದ ಆರೋಗ್ಯ ಇಲಾಖೆಯ ಪ್ರಾಥಮಿಕ ಕೇಂದ್ರ, ಗ್ರಾಮೀಣ ಆಸ್ಪತ್ರೆಗಳಲ್ಲಿ 15 ಆಗಸ್ಟ್ 2023ರಿಂದ ಚಿಕಿತ್ಸೆ ಉಚಿತ. ಕ್ಷಯರೋಗದ ಪೂರ್ಣ ಔಷಧವೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

ಮಾಡಬಾರದದ್ದು

ಅಂಗಡಿಯವರು "ಇದೂ ಅದೇ" ಎಂದು ಕೊಟ್ಟ ಬೇರೆ ಗುಳಿಗೆಯನ್ನು ಡಾಕ್ಟರರಿಗೆ ತೋರಿಸದೆ ನುಂಗಬೇಡಿರಿ. ಚೀಟಿಯ ಔಷಧ ಬದಲಿಸುವ ಅಧಿಕಾರ ಅವರಿಗಿಲ್ಲ. ಮೂರ್ಛೆರೋಗ, ಥೈರಾಯ್ಡ್, ರಕ್ತ ತೆಳುವಾಗಿಸುವ ಔಷಧಗಳಲ್ಲಿ ಕಂಪನಿ ಬದಲಿಸುವ ಮುನ್ನ ಅವರನ್ನು ಕೇಳಲೇಬೇಕು. ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಗಳನ್ನು ಪುಡಿ ಮಾಡಬಾರದು, ಅಗಿಯಬಾರದು. ನಮ್ಮ ಬೇಸಿಗೆಯ ಬಿಸಿಲಲ್ಲಿ ಇನ್ಸುಲಿನ್‌ನ್ನು ಬಸ್ಸಿನಲ್ಲಿ ಹಾಗೆಯೇ ತಂದರೆ ಕೆಡುತ್ತದೆ. ತಂಪಿನ ಡಬ್ಬಿಯಲ್ಲಿ ತನ್ನಿರಿ, ಆದರೆ ಬರ್ಫಕ್ಕೆ ತಾಗಿಸಬೇಡಿರಿ. ಪಟ್ಟಿ ಕತ್ತರಿಸಿ ಕೊಟ್ಟರೆ ಅವಧಿ ಮುಗಿಯುವ ದಿನಾಂಕ ನೋಡಿಯೇ ತೆಗೆದುಕೊಳ್ಳಿರಿ.

ಆ ಅಜ್ಜಿಯ ಮಗ ಡಾಕ್ಟರರನ್ನು ಕೇಳಿ ಮೂಲ ಹೆಸರು ಬರೆಸಿಕೊಂಡರು. ಈಗ ಮೊದಲಿನ ಖರ್ಚಿಗಿಂತ ಕಡಿಮೆಯಲ್ಲಿ ಅಜ್ಜಿ ದಿನಾಲೂ ಗುಳಿಗೆ ತೆಗೆದುಕೊಳ್ಳುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ. ನಿಮ್ಮ ಮನೆಯ ಹಿರಿಯರು ಗುಳಿಗೆಯನ್ನು ಎಣಿಸಿ ಎಣಿಸಿ ಉಳಿಸುತ್ತಿದ್ದಾರೆಯೇ? ಇಂದೇ ಕೇಳಿ ನೋಡಿರಿ.