ಫ್ರೆಂಚ್‌ನಲ್ಲಿ ಪ್ರಶ್ನೆ ಕೇಳಲು ಮೂರು ದಾರಿ. ಶುರುವಿಗೆ ಒಂದು ಸಾಕು

ಪ್ರಶ್ನೆ: ಬಿ.ಕಾಂ. ಓದುತ್ತಾ ಫ್ರೆಂಚ್ ಕಲಿಯುತ್ತಿದ್ದೇನೆ. ಡೆಲ್ಫ್ ಎ1 ಪರೀಕ್ಷೆಗೆ ಕಟ್ಟಿದ್ದೇನೆ. ಕೇಳಿದ್ದಕ್ಕೆ ಉತ್ತರ ಹೇಳಬಲ್ಲೆ, ನಾನೇ ಪ್ರಶ್ನೆ ಕೇಳಬೇಕೆಂದರೆ ಬಾಯಿ ಕಟ್ಟುತ್ತದೆ. ಒಂದೇ ಪ್ರಶ್ನೆಗೆ ಪುಸ್ತಕದಲ್ಲಿ ಮೂರು ರೂಪಗಳಿವೆ. ಯಾವುದನ್ನು ಹಿಡಿಯಲಿ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಹೀಗಾಗುವುದು ನಿಮಗೊಬ್ಬರಿಗೇ ಅಲ್ಲ. ತರಗತಿಯಲ್ಲಿ ಕೇಳುವವರು ಮೇಷ್ಟ್ರು, ಹೇಳುವವರು ಮಕ್ಕಳು. ಕೇಳಿ ಅಭ್ಯಾಸವೇ ಇಲ್ಲದ ನಾಲಿಗೆ ತಡವರಿಸಿದರೆ ಅದು ನಿಮ್ಮ ದಡ್ಡತನವಲ್ಲ.

‘ವೂ ಪಾರ್ಲೇ ಫ್ರಾಂಸೆ’ ಎಂದರೆ ‘ನೀವು ಫ್ರೆಂಚ್ ಮಾತಾಡುತ್ತೀರಿ’. ಇದನ್ನೇ ಕೊನೆಯಲ್ಲಿ ದನಿ ಏರಿಸಿ ಹೇಳಿದರೆ ಪ್ರಶ್ನೆಯಾಯಿತು. ಮನೆಮಂದಿ, ಸ್ನೇಹಿತರು ದಿನವೆಲ್ಲ ಹೀಗೇ ಕೇಳುತ್ತಾರೆ. ಎರಡನೆಯದು, ವಾಕ್ಯದ ಮುಂದೆ ‘ಎಸ್ ಕ’ ಸೇರಿಸುವುದು: ‘ಎಸ್ ಕ ವೂ ಪಾರ್ಲೇ ಫ್ರಾಂಸೆ?’ ಮೂರನೆಯದು ಪಲ್ಲಟ (ಕರ್ತೃ, ಕ್ರಿಯಾಪದಗಳ ಸ್ಥಾನ ಅದಲುಬದಲಾಗುವುದು): ‘ಪಾರ್ಲೇ ವೂ ಫ್ರಾಂಸೆ?’ ಇದು ಪತ್ರ, ಭಾಷಣ, ಸಂದರ್ಶನಗಳಲ್ಲಿ ಹೆಚ್ಚು.

ನೀವು ‘ಎಸ್ ಕ’ವನ್ನೇ ಹಿಡಿಯಿರಿ. ಅದು ಮಾತಿಗೂ ಸಲ್ಲುತ್ತದೆ, ಬರಹಕ್ಕೂ ಸಲ್ಲುತ್ತದೆ. ಬರೆಯುವಾಗ ಎಂಟಕ್ಷರದ ಮೂರು ಪದಗಳನ್ನು ಕಂಡು ಗಾಬರಿಯಾಗಬೇಡಿ. ಬಾಯಲ್ಲಿ ಅದು ‘ಎಸ್ಕ’, ಅಷ್ಟೇ. ‘ಬರುತ್ತೀರಿ’ ಎಂಬುದನ್ನು ನಾವು ‘ಬರುತ್ತೀರಾ’ ಮಾಡುವಾಗ ಪ್ರಶ್ನೆಯ ಗುರುತು ಕೊನೆಗೆ ಬೀಳುತ್ತದೆ. ಫ್ರೆಂಚರು ಅದನ್ನು ಮೊದಲೇ ಇಟ್ಟುಬಿಡುತ್ತಾರೆ. ಮುಂದಿನ ವಾಕ್ಯವನ್ನು ನೀವು ಮುಟ್ಟಲೇಬೇಕಿಲ್ಲ.

ಎಲ್ಲಿ (ಊ), ಯಾವಾಗ (ಕಾಂ), ಏಕೆ (ಪುರ್ಕ್ವಾ) ಮುಂತಾದವನ್ನು ‘ಎಸ್ ಕ’ಕ್ಕೂ ಮುಂಚೆ ಇಡಿ: ‘ಊ ಎಸ್ ಕ ವೂ ಝಬಿತೇ?’ – ನೀವು ಎಲ್ಲಿ ವಾಸವಾಗಿದ್ದೀರಿ? ‘ಏನು’ ಸೇರಿದಾಗ ಅದು ‘ಕೆಸ್ ಕ’ ಆಗುತ್ತದೆ: ‘ಕೆಸ್ ಕ ವೂ ಫೆತ್?’ – ನೀವು ಏನು ಮಾಡುತ್ತೀರಿ? ಇಂಥ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ದನಿ ಕೊನೆಗೆ ಇಳಿಯುತ್ತದೆ, ಏರುವುದಿಲ್ಲ.

ನಿಮ್ಮ ಮೌಖಿಕ ಪರೀಕ್ಷೆಯ ಎರಡನೇ ಭಾಗದಲ್ಲಿ ಒಂದೊಂದು ಪದ ಬರೆದ ಚೀಟಿಗಳನ್ನು ಕೊಡುತ್ತಾರೆ. ಆ ಪದದ ಸುತ್ತ ನೀವು ಪರೀಕ್ಷಕರನ್ನು ಪ್ರಶ್ನೆ ಕೇಳಬೇಕು. ‘ಮೆಝೋಂ’ (ಮನೆ) ಬಂತೆನ್ನಿ: ‘ಎಸ್ ಕ ವೂ ಝಾವೇ ಯುನ್ ಮೆಝೋಂ?’ – ನಿಮಗೆ ಮನೆ ಇದೆಯೇ? ಇಷ್ಟು ಸರಳವಾಗಿದ್ದರೆ ಸಾಕು. ಪರೀಕ್ಷಕರಿಗೆ ‘ವೂ’ (ನೀವು) ಎನ್ನಿ. ‘ತ್ಯು’ (ನೀನು) ಬೇಡ. ಇವತ್ತಿನಿಂದಲೇ ಪಾಠದ ಯಾವುದಾದರೂ ಐದು ವಾಕ್ಯಗಳಿಗೆ ‘ಎಸ್ ಕ’ ಹಚ್ಚಿ ಗಟ್ಟಿಯಾಗಿ ಓದಿ.

ಪ್ರಶ್ನೆ: ‘ಎಲ್ ಪಾರ್ಲ್’ (ಅವಳು ಮಾತಾಡುತ್ತಾಳೆ) ಎಂಬುದನ್ನು ಪಲ್ಲಟ ಮಾಡಿದರೆ ‘ಪಾರ್ಲ ತೆಲ್’ ಆಗುತ್ತದಂತೆ. ಈ ‘ತ’ ಎಲ್ಲಿಂದ ಬಂತು? ಈ ವಯಸ್ಸಿಗೆ ಇದೆಲ್ಲ ತಲೆಗೆ ಹತ್ತೀತೇ ಎಂಬ ಅಳುಕು.
– ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಉತ್ತರ: ಅಳುಕಬೇಡಿ, ಇದನ್ನು ನೀವು ಶಾಲೆಯಲ್ಲೇ ಕಲಿತಿದ್ದೀರಿ. ‘ಮನೆ’ಗೆ ‘ಅನ್ನು’ ಸೇರಿದಾಗ ನಡುವೆ ‘ಯ’ ಬಂದು ‘ಮನೆಯನ್ನು’ ಆಗುತ್ತದಲ್ಲ, ಆಗಮ ಸಂಧಿ (ಎರಡು ಸ್ವರಗಳ ನಡುವೆ ಹೊಸ ಅಕ್ಷರ ಬರುವುದು)? ಇದೂ ಹಾಗೆಯೇ. ಬರಹದಲ್ಲಿ ಸ್ವರದಿಂದ ಮುಗಿಯುವ ಕ್ರಿಯಾಪದದ ಮುಂದೆ ‘ಇಲ್’ (ಅವನು), ‘ಎಲ್’ (ಅವಳು), ‘ಓಂ’ (ಜನ, ನಾವು) ಬಂದರೆ ಉಚ್ಚಾರದ ಅನುಕೂಲಕ್ಕೆ ‘ತ’ ಸೇರುತ್ತದೆ. ಅದಕ್ಕೆ ಬೇರೆ ಅರ್ಥವಿಲ್ಲ. ‘ವಿಯಾಂ ತಿಲ್?’ (ಅವನು ಬರುತ್ತಾನೆಯೇ?) ಎಂಬಲ್ಲಿ ‘ತ’ ಕ್ರಿಯಾಪದದ ಕೊನೆಯಲ್ಲೇ ಇರುವುದರಿಂದ ಹೊಸದಾಗಿ ಸೇರಿಸುವುದಿಲ್ಲ.

ಪ್ರಶ್ನೆ: ಗಂಡನ ಕೆಲಸದ ನಿಮಿತ್ತ ಮಾಂಟ್ರಿಯಲ್‌ಗೆ ಬಂದಿದ್ದೇವೆ. ಇಲ್ಲಿಯವರು ‘ತ್ಸ್ಯು ವೆ ತ್ಸ್ಯು?’ ಎಂದು ‘ನೀನು’ ಎಂಬುದನ್ನು ಎರಡೆರಡು ಸಲ ಹೇಳುತ್ತಾರೆ. ನಾನು ಕಲಿತದ್ದೇ ತಪ್ಪೇನೋ ಎಂದು ಬಾಯಿ ತೆರೆಯಲು ಹೆದರಿಕೆ.
– ಗೃಹಿಣಿ, ಮಾಂಟ್ರಿಯಲ್

ಉತ್ತರ: ನೀವು ಕಲಿತದ್ದು ಸರಿಯಾಗಿಯೇ ಇದೆ. ಪುಸ್ತಕದಲ್ಲಿಲ್ಲದ ಮಾತು ಕಿವಿಗೆ ಬಿದ್ದಾಗ ಯಾರಿಗಾದರೂ ದಿಗಿಲಾಗುತ್ತದೆ.

ಎರಡನೆಯ ‘ತ್ಸ್ಯು’ಗೆ ‘ನೀನು’ ಎಂಬ ಅರ್ಥವೇ ಇಲ್ಲ. ಅದು ಕ್ವಿಬೆಕ್‌ನ ಆಡುಮಾತಿನ ಪ್ರಶ್ನಾರ್ಥಕ ಪ್ರತ್ಯಯ (ಪದದ ಕೊನೆಗೆ ಹತ್ತುವ ಗುರುತು). ಧಾರವಾಡದವರಿಗೆ ಹೇಳಿದೆನಲ್ಲ, ಆ ‘ತ’ ‘ಇಲ್’ ಜೊತೆ ಕೂಡಿ ‘ತಿಲ್’ ಆಯಿತು, ಮಾತಿನಲ್ಲಿ ಸವೆದು ‘ತಿ’ ಆಯಿತು, ಕ್ವಿಬೆಕ್‌ನಲ್ಲಿ ‘ತ್ಯು’ ರೂಪಕ್ಕೆ ತಿರುಗಿತು. ಅಲ್ಲಿ ‘ತ್ಯು’ ಎಂಬುದರ ಉಚ್ಚಾರವೇ ‘ತ್ಸ್ಯು’. ನಮ್ಮ ‘ಆ’ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ: ‘ಸೆ ತ್ಸ್ಯು ಲ್ವಾಂ?’ ಎಂದರೆ ‘ದೂರಾನಾ?’ ಕನ್ನಡದ ಕಿವಿಗೆ ಇದು ಬೇಗ ಒಗ್ಗುತ್ತದೆ ಎಂದೇ ನನ್ನ ಎಣಿಕೆ.

ಕೇಳಿ ಅರ್ಥಮಾಡಿಕೊಳ್ಳಿ. ಅರ್ಜಿ, ಪರೀಕ್ಷೆಗಳಲ್ಲಿ ಮಾತ್ರ ಬರೆಯಬೇಡಿ. ಸದ್ಯಕ್ಕೆ ‘ಎಸ್ ಕ’ ಬಳಸಿಯೇ ಮಾತಾಡಿ. ಅದು ಮಾಂಟ್ರಿಯಲ್‌ನಲ್ಲೂ ಎಲ್ಲರಿಗೂ ತಿಳಿಯುತ್ತದೆ. ಇನ್ನೊಂದು ಮಾತು. ‘ವೂ ನ ವನೇ ಪಾ?’ (ನೀವು ಬರುವುದಿಲ್ಲವೇ?) ಎಂದು ಯಾರಾದರೂ ಕೇಳಿದರೆ, ಬರುವವರಾದರೆ ‘ವಿ’ (ಹೌದು) ಎನ್ನದೆ ‘ಸಿ’ ಎನ್ನಿ; ಬರದಿದ್ದರೆ ‘ನೋಂ’. ಇಲ್ಲವೇ ಎಂದು ಕೇಳಿದವರಿಗೆ ‘ಇದೆ’ ಎಂದು ಹೇಳಲು ಫ್ರೆಂಚ್‌ನಲ್ಲಿ ಬೇರೆಯೇ ಪದವಿದೆ.